ತಿರುಗಣೆಯ ಕಂಬ: ಹೊಯ್ಸಳ ಶಿಲ್ಪವಿಮರ್ಶೆಯ ಕಣ್ಣಿಗೆ ಬೀಳದ ಯಂತ್ರ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಮದನಿಕೆಯರಿಗೆ ದೊರೆತ ಸ್ಥಾನಕ್ಕೂ ಕಂಬಗಳಿಗೆ ದೊರೆತ ಸ್ಥಾನಕ್ಕೂ ಇರುವ ಅಂತರ ಎದ್ದುಕಾಣುವಂಥದು. ಹೊರಭಾಗದಲ್ಲಿ 38, ನವರಂಗದ ಒಳಗೆ 4, ಹೀಗೆ 42 ಮದನಿಕಾ ವಿಗ್ರಹಗಳಿಗೆ ಹೆಸರುಗಳಿವೆ, ಭಂಗಿಯ ವಿವರಣೆಗಳಿವೆ. ಡಿ.ವಿ. ಗುಂಡಪ್ಪನವರ ‘ಅಂತಃಪುರಗೀತೆ’ಯಂಥ ಒಂದು ಕೃತಿಯೇ ಅವುಗಳ ಸುತ್ತ ಹುಟ್ಟಿದೆ. ಅದೇ ನವರಂಗದ ಕಂಬಗಳ ವಿಷಯ ಬಂದಾಗ ‘ನುಣುಪಾದ’, ‘ಕನ್ನಡಿಯಂತೆ ಹೊಳೆಯುವ’ ಎಂಬ ಒಂದೆರಡು ವಿಶೇಷಣಗಳಲ್ಲಿ ಮಾತು ಮುಗಿಯುತ್ತದೆ. ಹೊಳಪು ಕೆಲಸದ ಕೊನೆಯ ಹಂತ ಮಾತ್ರ. ಅದಕ್ಕೂ ಹಿಂದೆ, ಟನ್ನುಗಟ್ಟಲೆ ತೂಕದ ಕಲ್ಲನ್ನು ತಿರುಗಿಸಿ ಕಡೆಯುವ ಒಂದು ಭಾರಿ ಯಂತ್ರ ಇದ್ದಿರಬೇಕೆಂಬ ಸಂಗತಿ ಮೆಚ್ಚುಗೆಯ ಲೆಕ್ಕಕ್ಕೇ ಬಂದಿಲ್ಲ. ಶಿಲ್ಪವಿಮರ್ಶೆ ವಿಗ್ರಹದಲ್ಲಿ ಭಾವವನ್ನು ಓದಲು ಕಲಿತಷ್ಟು ಕಂಬದಲ್ಲಿ ಕ್ರಿಯೆಯನ್ನು ಓದಲು ಕಲಿಯಲಿಲ್ಲ.

ತಿರುಗಣೆಯ ಕಂಬ ಹೊಯ್ಸಳರ ಸ್ವಂತ ಆವಿಷ್ಕಾರವಲ್ಲ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದಾಗ ಈ ಬಗೆಯ ಕಂಬಕ್ಕೆ ಅವಕಾಶ ಒದಗಿತು. ಲಕ್ಕುಂಡಿಯ ಗುಡಿಗಳಲ್ಲಿಯೂ ಕ್ರಿ.ಶ. 1112ರ ಇಟಗಿಯ ಮಹಾದೇವ ದೇವಾಲಯದಲ್ಲಿಯೂ ಅದು ಪ್ರೌಢ ರೂಪದಲ್ಲಿದೆ. ಇಟಗಿಯ ಶಾಸನ ತನ್ನ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದುಕೊಂಡಿದ್ದು ಪ್ರಸಿದ್ಧವಾಗಿದೆ. ಐದು ವರ್ಷಗಳ ತರುವಾಯ, 1117ರಲ್ಲಿ, ವಿಷ್ಣುವರ್ಧನನ ಬೇಲೂರಿನಲ್ಲಿ ಪ್ರತಿಷ್ಠೆ ನಡೆದಾಗ ತಂತ್ರ ಆಗಲೇ ಕೈಗೆ ಬಂದಿತ್ತು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಡುಸಾಗುವುದು ಬಳಪದ ಕಲ್ಲಿನ ಗುಣ. ಸೂಕ್ಷ್ಮ ಕೆತ್ತನೆಯ ಕಾರಣವನ್ನು ಹೇಳುವಾಗ ಈ ಗುಣವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಗುಣವೇ ಕಲ್ಲನ್ನು ಮರದಂತೆ ಕಡೆಯುವ ಧೈರ್ಯವನ್ನೂ ಕೊಟ್ಟಿತೆಂಬುದನ್ನು ಹೇಳುವವರು ಕಡಮೆ.

ಕಂಬದ ಮುಂದೆ ನಿಂತು ನೋಡಿದರೆ ಕಾಣುವುದೇನು? ಕೆಳಗೆ ಚೌಕಾಕಾರದ ಪೀಠ. ಅದರ ಮೇಲೆ ಘಂಟೆಯ ಆಕಾರದ ದುಂಡು ಭಾಗ. ಅಲ್ಲಿಂದ ಮೇಲೆ ಇಕ್ಕಟ್ಟಾದ ಕೊರಳು. ಕೊರಳಿನ ಮೇಲೆ ಬಿಲ್ಲೆಯಂತೆ ಹೊರಚಾಚಿದ ತೆಳು ಅಂಚುಗಳು. ಅಂಚುಗಳ ನಡುವಣ ಸಂದುಗಳು ಆಳವಾಗಿ, ಹರಿತವಾಗಿ, ಸುತ್ತಲೂ ಒಂದೇ ಅಳತೆಯಲ್ಲಿ ಹೋಗಿ ಮತ್ತೆ ತಮ್ಮನ್ನೇ ಕೂಡುತ್ತವೆ. ಬೆಳಕು ಓರೆಯಾಗಿ ಬಿದ್ದಾಗ ಕೆಲವು ಕಂಬಗಳ ಮೈಮೇಲೆ ಅಡ್ಡವಾಗಿ ಸುತ್ತುವ ಸಣ್ಣ ಗೀರುಗಳು ಕಾಣುತ್ತವೆ. ಉಳಿಯ ಪೆಟ್ಟು ಬಿದ್ದ ಗುರುತು ಚುಕ್ಕೆ ಚುಕ್ಕೆಯಾಗಿರುತ್ತದೆ. ಇವು ಎಡೆಬಿಡದ ರೇಖೆಗಳು. ಅದೇ ನವರಂಗದಲ್ಲಿ ನಕ್ಷತ್ರಾಕಾರದ, ಹಲವು ಮೂಲೆಗಳ ಕಂಬಗಳೂ ಇವೆ. ಅವನ್ನು ತಿರುಗಿಸಿ ಕಡೆಯುವುದು ಸಾಧ್ಯವೇ ಇಲ್ಲ, ಕೈಯಿಂದಲೇ ಕಡಿಯಬೇಕು. ಎರಡು ಬೇರೆ ಬೇರೆ ಉತ್ಪಾದನಾ ವಿಧಾನಗಳು ಒಂದೇ ಮಂಟಪದಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವಾಗ ಅವನ್ನು ‘ವೈವಿಧ್ಯ’ ಎಂಬ ಒಂದೇ ಶಬ್ದದಲ್ಲಿ ಕಟ್ಟಿಹಾಕುವುದು ನೋಡದಿರುವುದಕ್ಕೆ ಸಮ.

ಯಂತ್ರದ ಸ್ವರೂಪದ ಚರ್ಚೆ ನಿಂತಿರುವುದು ಬಹುಮಟ್ಟಿಗೆ ಈ ಗುರುತುಗಳ ಮೇಲೆಯೇ. ಕಂಬವನ್ನು ಒರಟಾಗಿ ರೂಪಿಸಿ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಉಳಿಗೆ ಎದುರಾಗಿ ತಿರುಗಿಸಲಾಗುತ್ತಿತ್ತೆಂದು ಪರ್ಸಿ ಬ್ರೌನ್ ಭಾವಿಸಿದರು. ಮರಗೆಲಸದ ತಿರುಗಣೆಯಂತೆ ಅಡ್ಡವಾಗಿ ಮಲಗಿಸಿ ತಿರುಗಿಸಿರಬಹುದೆಂಬ ಊಹೆಯೂ ಇದೆ. ಇವುಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವ ಮೊದಲು ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಎರಡು ಅಡಿ ಚೌಕದ, ಆರು ಅಡಿ ಉದ್ದದ ಕಲ್ಲಿನ ದಿಮ್ಮಿ 24 ಘನ ಅಡಿಯಾಗುತ್ತದೆ. ನೀರಿಗಿಂತ ಸುಮಾರು 2.8 ಪಟ್ಟು ಭಾರದ ಈ ಜಾತಿಯ ಕಲ್ಲಿನಲ್ಲಿ ಅದರ ತೂಕ ಎರಡು ಟನ್ನಿಗೆ ಸಮೀಪ. ಅಡ್ಡ ಮಲಗಿಸಿದರೆ ಈ ಭಾರ ಎರಡು ತುದಿಗಳ ಸಣ್ಣ ಆಧಾರಗಳ ಮೇಲೆ ಬೀಳುತ್ತದೆ. ಅಚ್ಚು ಸವೆಯುತ್ತದೆ, ಕೊರಳಿನಲ್ಲಿ ಕಲ್ಲು ತೆಳುವಾದಂತೆ ಅಲ್ಲಿಯೇ ಮುರಿಯುವ ಭಯ ಹೆಚ್ಚುತ್ತದೆ. ನೆಟ್ಟಗೆ ನಿಲ್ಲಿಸಿದರೆ ಭಾರವೆಲ್ಲ ಕೆಳಗಿನ ಒಂದೇ ತಿರುಗುಬಿಂದುವಿಗೆ ಇಳಿಯುತ್ತದೆ. ಆದರೆ ಮೇಲ್ತುದಿ ಓಲಾಡದಂತೆ ಬಲವಾದ ಚೌಕಟ್ಟು ಬೇಕು. ಕುಂಬಾರನ ಚಕ್ರವನ್ನೂ ಎತ್ತಿನ ಗಾಣವನ್ನೂ ಬಲ್ಲ ನಾಡಿಗೆ ಎರಡನೆಯದು ಅಪರಿಚಿತ ಕಲ್ಪನೆಯಲ್ಲ. ಎರಡರಲ್ಲಿ ಯಾವುದೇ ಆಗಲಿ, ದಿಮ್ಮಿಯನ್ನು ಮೊದಲು ಕೈಯಿಂದ ಸಾಕಷ್ಟು ದುಂಡಗೆ ಮಾಡಿಕೊಳ್ಳಲೇಬೇಕು. ಒಂದು ಮಗ್ಗುಲು ಭಾರವಾದ ಕಲ್ಲು ತಿರುಗುವಾಗ ಯಂತ್ರವನ್ನೇ ಕಿತ್ತೊಗೆಯುತ್ತದೆ. ಆದ್ದರಿಂದ ಇಲ್ಲಿ ಯಂತ್ರವು ಕೈಗೆಲಸವನ್ನು ತೆಗೆದುಹಾಕಿಲ್ಲ. ಕೈಯಿಂದ ಮತ್ತಷ್ಟು ಕರಾರುವಾಕ್ಕಾದ ಕೆಲಸವನ್ನು ಬೇಡಿದೆ.

ಮೂರನೆಯ ಸಾಧ್ಯತೆಯೊಂದುಂಟು. ಸುತ್ತುವ ರೇಖೆ ಕಲ್ಲು ತಿರುಗಿದಾಗ ಮೂಡುವಂತೆ, ನಿಂತ ಕಲ್ಲಿನ ಸುತ್ತ ಉಪಕರಣ ತಿರುಗಿದಾಗಲೂ ಮೂಡುತ್ತದೆ. ಹಾಗಾಗಿದ್ದರೆ ಎರಡು ಟನ್ನಿನ ಸಮಸ್ಯೆಯೇ ಇಲ್ಲ. ತಿರುಗಣೆಯ ಪಕ್ಷವೇ ವಿದ್ವಾಂಸರಲ್ಲಿ ಪ್ರಬಲವಾಗಿದ್ದರೂ ಈ ಪ್ರಶ್ನೆಯನ್ನು ಮುಚ್ಚಿಹಾಕುವ ಅಗತ್ಯವಿಲ್ಲ. ಯಂತ್ರವನ್ನು ಮೆಚ್ಚುವುದೆಂದರೆ ಅದರ ಇರುವಿಕೆಯನ್ನು ಪ್ರಮಾಣವಿಲ್ಲದೆ ಘೋಷಿಸುವುದಲ್ಲ. ‘ಆ ಕಾಲದಲ್ಲಿಯೇ ಆಧುನಿಕ ಯಂತ್ರ’ ಎಂಬ ಬಗೆಯ ಉದ್ಗಾರ ಇತ್ತೀಚೆಗೆ ಹೆಚ್ಚಾಗಿದೆ. ಅದು ಮದನಿಕೆಯರ ಮೈಮರೆವಿಗಿಂತ ಉತ್ತಮವಾದುದೇನೂ ಅಲ್ಲ. ಚನ್ನಪಟ್ಟಣದಲ್ಲಿ ಹಾಲೆಮರದ ಬೊಂಬೆಯನ್ನು ಬಿಲ್ಲಿನ ತಿರುಗಣೆಯಲ್ಲಿ ಕಡೆದ ಕುಶಲಿಗೆ ಬಿಲ್ಲನ್ನು ಮುಂದಕ್ಕೆ ಎಳೆದಾಗ ಮಾತ್ರ ಉಳಿ ಕೊಯ್ಯುತ್ತದೆ, ಹಿಂದಕ್ಕೆ ಬರುವಾಗ ಕೈ ತಡೆಯಬೇಕು ಎಂಬುದು ತಿಳಿದಿರುತ್ತದೆ. ಇಂಥ ತಿಳಿವಳಿಕೆ ನೂರಾರು ಪಟ್ಟು ಭಾರದ ಕಲ್ಲಿಗೆ ಹೇಗೆ ಹಿಗ್ಗಿತು ಎಂಬುದೇ ನಿಜವಾದ ಸಂಶೋಧನೆಯ ವಸ್ತು.

ಜನಪದ ನೆನಪು ವಿಮರ್ಶೆಗಿಂತ ಈ ವಿಷಯದಲ್ಲಿ ಸ್ವಲ್ಪ ಚುರುಕಾಗಿದೆಯೆನ್ನಬಹುದು. ಬೇಲೂರಿನ ನರಸಿಂಹ ಕಂಬ ಒಂದು ಕಾಲದಲ್ಲಿ ನಿಂತಲ್ಲಿಯೇ ತಿರುಗುತ್ತಿತ್ತೆಂಬ ಐತಿಹ್ಯವಿದೆ. ಅಡಿಯಿಂದ ಮುಡಿಯವರೆಗೆ ಸಣ್ಣ ವಿಗ್ರಹಗಳಿಂದ ತುಂಬಿದ ಆ ಕಂಬ ತಿರುಗಣೆಯ ಜಾತಿಗೆ ಸೇರಿದ್ದಲ್ಲ. ಚಾವಣಿಯ ಭಾರ ಹೊರುವ ಕಂಬ ತಿರುಗಬೇಕಾದ ಕಾರಣವೂ ಇಲ್ಲ. ಆದರೆ ಈ ಮಂಟಪದ ಕಂಬಗಳು ಒಮ್ಮೆ ತಿರುಗಿದ್ದವೆಂಬ ನೆನಪು ಸ್ಥಳ ತಪ್ಪಿ ಅಲ್ಲಿ ಬಂದು ನಿಂತಿರಬಹುದೆ ಎಂಬ ಪ್ರಶ್ನೆ ಕೇಳುವಂಥದೇ. ಕಪ್ಪೆ ಚೆನ್ನಿಗರಾಯನ ಕಥೆಯೂ ಹೀಗೆಯೇ. ಮೈಗೆಲ್ಲ ಬಳಿದ ಗಂಧ ಒಣಗಿ ಹೊಕ್ಕುಳಲ್ಲಿ ಮಾತ್ರ ಹಸಿಯಾಗಿ ಉಳಿಯಿತು, ಅಲ್ಲಿ ಕಲ್ಲಿನೊಳಗೆ ನೀರೂ ಕಪ್ಪೆಯೂ ಇದ್ದವು ಎಂಬುದು ಕಥೆಯ ತಿರುಳು. ಕಲ್ಲಿನ ದೋಷವನ್ನು ಮುರಿಯದೆ ಪರೀಕ್ಷಿಸುವ ಒಂದು ವಿಧಾನವೇ ಅದರಲ್ಲಿದೆ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರದ ತರುವಾಯ ನಾಡಿನ ಮನಸ್ಸಿನಲ್ಲಿ ಉಳಿದದ್ದು ತಂದೆ ಮಗನ ಭೇಟಿಯ ಕಣ್ಣೀರು; ಪರೀಕ್ಷೆ ಮರೆಯಾಯಿತು.

ಜಕಣಾಚಾರಿಯ ಹೆಸರು ಬೇಲೂರಿನ ಶಾಸನಗಳಲ್ಲಿ ಇಲ್ಲ. ಅಲ್ಲಿ ಇರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರವು. ಸೋಮನಾಥಪುರದ 1268ರ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನ ಸಹಿ ಮತ್ತೆ ಮತ್ತೆ ಬರುತ್ತದೆ. ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ಪ್ರಕಟಿಸಿದ ಗ್ರಂಥಗಳಲ್ಲಿ ಈ ಸಹಿಗಳನ್ನು ಮುಂದಿಟ್ಟರು. ಷ. ಶೆಟ್ಟರ್ ಅವರ ಬರವಣಿಗೆ ಶಿಲ್ಪಿಯನ್ನು ದಂತಕಥೆಯಿಂದ ಬಿಡಿಸಿ ಇತಿಹಾಸಕ್ಕೆ ತಂದಿತು. ಈ ಉಪಕಾರ ಸಣ್ಣದಲ್ಲ. ಆದರೂ ಅದಕ್ಕೊಂದು ಮಿತಿಯಿದೆ: ಸಹಿಗಳು ಹೆಚ್ಚಾಗಿ ವಿಗ್ರಹಗಳ ಪೀಠದಲ್ಲಿವೆ. ಸಹಿಯನ್ನು ಹಿಂಬಾಲಿಸಿದ ಸಂಶೋಧನೆ ಸಹಜವಾಗಿಯೇ ವಿಗ್ರಹವನ್ನು ಹಿಂಬಾಲಿಸಿತು. ದಿಮ್ಮಿಯನ್ನು ಎತ್ತಿ ಕೂರಿಸಿದವರು, ತಿರುಗಿಸಿದವರು, ಉಳಿಯನ್ನು ಅಳ್ಳಾಡದಂತೆ ಹಿಡಿದವರು ಒಬ್ಬರಲ್ಲ, ಒಂದು ತಂಡ. ತಂಡದ ಕೆಲಸಕ್ಕೆ ಒಂದು ಹೆಸರಿನ ಸಹಿ ಹೊಂದುವುದು ಕಷ್ಟ. ಅವರ ಗುರುತು ಉಳಿದಿರುವುದು ಕಂಬದ ಗೀರುಗಳಲ್ಲಿಯೇ.

ಆ ಗೀರುಗಳೇ ಈಗ ಅಪಾಯದಲ್ಲಿರುವುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಕೈಗೆ ಎಟಕುವ ಎತ್ತರದ ಕಂಬವನ್ನು ಸವರದೆ ಹೋಗುವ ಯಾತ್ರಿಕ ಅಪರೂಪ. ಹಳೇಬೀಡಿನ ಪಾರ್ಶ್ವನಾಥ ಬಸದಿಯಲ್ಲಂತೂ ಹೊಳೆಯುವ ಕಂಬದಲ್ಲಿ ತನ್ನ ಪ್ರತಿಬಿಂಬ ನೋಡಿಕೊಳ್ಳುವುದೇ ದರ್ಶನದ ಒಂದು ಭಾಗ. ವಿಗ್ರಹದ ಮೂಗು ಮುರಿದರೆ ಸುದ್ದಿಯಾಗುತ್ತದೆ. ಕಂಬದ ಮೇಲಿನ ಅರ್ಧ ಕೂದಲೆಳೆ ಅಗಲದ ರೇಖೆ ಸವೆದರೆ ಯಾರಿಗೂ ತಿಳಿಯುವುದಿಲ್ಲ. ಕಲ್ಲನ್ನು ಅಡ್ಡವಾಗಿ ತಿರುಗಿಸಿದ್ದರೆ ಅದರ ಎರಡು ತುದಿಗಳಲ್ಲಿ ಅಚ್ಚಿನ ಕುಳಿಗಳಿರಬೇಕು. ನೆಟ್ಟಗೆ ತಿರುಗಿಸಿದ್ದರೆ ಕೆಳತುದಿಯ ಗುರುತು ಬೇರೆಯೇ ಆಗಿರಬೇಕು. ನಿಂತ ಕಂಬದಲ್ಲಿ ಈ ತುದಿಗಳು ಕೂಡಿಕೆಯೊಳಗೆ ಅಡಗಿರುತ್ತವೆ. ಅವು ಬೆಳಕಿಗೆ ಬರುವುದು ಜೀರ್ಣೋದ್ಧಾರಕ್ಕಾಗಿ ಕಂಬವನ್ನು ಕಳಚಿದ ಕೆಲವು ದಿನಗಳಲ್ಲಿ, ಇಲ್ಲವೆ ಗುಡಿಯ ಆವರಣದಲ್ಲಿ ಬಿದ್ದಿರುವ ಬಿಡಿ ತುಂಡುಗಳಲ್ಲಿ. ಅಂಥ ತುಂಡುಗಳ ಮೇಲ್ಮೈಯನ್ನಷ್ಟೇ ಅಲ್ಲ, ಎರಡೂ ತುದಿಗಳನ್ನು ಅಳೆದು, ಛಾಯಾಚಿತ್ರ ತೆಗೆದು, ದುಂಡಗಿನ ಭಾಗ ಎಷ್ಟರಮಟ್ಟಿಗೆ ದುಂಡಗಿದೆ ಎಂಬುದನ್ನು ಹಲವು ಎತ್ತರಗಳಲ್ಲಿ ದಾಖಲಿಸಿದರೆ ಪರ್ಸಿ ಬ್ರೌನ್ ಊಹೆಗೆ ಉತ್ತರ ಸಿಗುವ ಸಂಭವವಿದೆ. ಕಂಬ ಕಳಚುವಾಗ ಸ್ಥಳದಲ್ಲಿ ಶಾಸನತಜ್ಞನ ಜೊತೆಗೆ ಲೇತಿನ ಮೇಲೆ ಕೆಲಸಮಾಡಿ ಬಲ್ಲ ಒಬ್ಬ ಕುಶಲಿಯೂ ಇರಬೇಕು. ಉಳಿ ಎಲ್ಲಿ ಒತ್ತಿತು, ಎಲ್ಲಿ ಜಾರಿತು, ಕಲ್ಲು ಯಾವ ದಿಕ್ಕಿಗೆ ತಿರುಗುತ್ತಿತ್ತು ಎಂಬುದನ್ನು ಗೀರು ನೋಡಿ ಹೇಳಬಲ್ಲವನು ಅವನೇ.