ಮೊದಲು ಕಿಡಕಿ ತೆಗೀರಿ: ಕೂಲರ್ ಗಾಳಿಯ ರಸಿಕರಿಗೊಂದು ಕೈಪಿಡಿ

ಮಲೆನಾಡಿನಿಂದ ವರ್ಗವಾಗಿ ಬಂದ ಶಾಲೆಯ ಮೇಡಂ ಒಬ್ಬರು ನಮ್ಮ ಬಾಗಲವಾಡದಲ್ಲಿ ಮನೆ ಮಾಡಿದರು. ಯುಗಾದಿ ಕಳೆದ ವಾರಕ್ಕೆ ದೊಡ್ಡದೊಂದು ಕೂಲರ್ ತಂದರು. ಎರಡೇ ದಿನಕ್ಕೆ ನಮ್ಮ ಮನೆಗೆ ಬಂದು, "ಮೋಸ ಹೋದೆ ಅಣ್ಣ. ಅರ್ಧ ಗಂಟೆ ಚೆನ್ನಾಗಿರುತ್ತೆ, ಆಮೇಲೆ ಉಸಿರು ಕಟ್ಟಿದ ಹಾಗಾಗುತ್ತೆ. ಹಾಸಿಗೆಯೆಲ್ಲ ಜಿಗಿಜಿಗಿ" ಎಂದರು. ಹೋಗಿ ನೋಡಿದೆ. ಕೂಲರ್ ಕೋಣೆಯ ನಡುವೆ ನಿಂತಿತ್ತು. ಕಿಟಕಿಗಳೆಲ್ಲ ಭದ್ರ. ತಂಪು ಸೋರಿಹೋಗದಿರಲಿ ಎಂದು ಬಾಗಿಲ ಸಂದಿಗೆ ಬಟ್ಟೆಯನ್ನೂ ತುರುಕಿದ್ದರು.

"ಮೇಡಂರೀ, ಮೊದಲು ಕಿಡಕಿ ತೆಗೀರಿ" ಅಂದೆ.

ಕೂಲರನ್ನು ಎಳೆದು ಉತ್ತರದ ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಿಸಿದೆವು. ಎದುರಿನ ಬಾಗಿಲನ್ನು ಒಂದು ಗೇಣು ತೆರೆದಿಟ್ಟೆವು. ಕಾಲು ತಾಸಿನಲ್ಲಿ ಕೋಣೆಯ ಗಾಳಿಯೇ ಬೇರೆಯಾಯಿತು. ರಾಯಚೂರು ಸೀಮೆಗೆ ಹೊಸದಾಗಿ ಬಂದು ಕೂಲರ್ ಕೊಳ್ಳಲು ಹೊರಟವರಿಗೆ ನಾನು ಹೇಳಬೇಕಾದ ಮಾತಿನ ಬೇರು ಇಲ್ಲೇ ಇದೆ. ಎಸಿಗೆ ಮುಚ್ಚಿದ ಕೋಣೆ ಬೇಕು, ಕೂಲರಿಗೆ ತೆರೆದ ಮನೆ ಬೇಕು. ಒಂದು ಕಡೆಯಿಂದ ಒಣಗಾಳಿ ಒಳಬರಬೇಕು, ಇನ್ನೊಂದು ಕಡೆಯಿಂದ ತೇವದ ಗಾಳಿ ಹೊರಹೋಗಬೇಕು. ಆ ಹರಿವನ್ನು ಗುರುತಿಸುವವನಿಗೆ ಅಂಗಡಿಯಲ್ಲಿ ಯಾವುದನ್ನು ಆರಿಸಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ನಮ್ಮ ಮನೆಗಳ ಮೂಲೆಯಲ್ಲಿರುವ ಮಣ್ಣಿನ ಹರವಿಯನ್ನು ಒಮ್ಮೆ ಮುಟ್ಟಿ ನೋಡಿ. ಅದರ ಮೈ ಬೆವರಿರುತ್ತದೆ. ಆ ಬೆವರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಹರವಿಯಿಂದಲೇ ಎಳೆದುಕೊಳ್ಳುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ಕೂಲರ್ ಮಾಡುವುದೂ ಇದೇ ಕೆಲಸ, ಆದರೆ ಗಾಳಿಗೆ. ಮೊಘಲರ ಕಾಲದಲ್ಲಿ ಲಾವಂಚದ ಬೇರಿನ ತಡಿಕೆ ಕಟ್ಟಿ, ನೀರು ಚಿಮುಕಿಸಿ, ಬೇಸಿಗೆಯ ಕೋಣೆಗಳನ್ನು ತಂಪು ಮಾಡುತ್ತಿದ್ದರು. ಐನ್-ಇ-ಅಕ್ಬರಿಯಲ್ಲಿ ಅದರ ಪ್ರಸ್ತಾಪ ಬರುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಡೆ ಹಿರಿಯರಿಗೆ 'ಖಸ್ ತಟ್ಟಿ' ಎಂಬ ಮಾತು ಗೊತ್ತು. ಆ ತಟ್ಟಿಗೆ ಒಂದು ಫ್ಯಾನು, ಒಂದು ಪುಟ್ಟ ಪಂಪು ಸೇರಿದರೆ ಇಂದಿನ ಕೂಲರ್.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎರೆನಾಡಿನಲ್ಲಿ ಬಿಸಿಲಿನಷ್ಟೇ ಒಣಗಾಳಿಯೂ ಕೂಲರಿಗೆ ಆಧಾರ. ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಇದ್ದು, ಗಾಳಿಯ ತೇವಾಂಶ ಶೇಕಡಾ 20ಕ್ಕೆ ಇಳಿದಿದೆ ಎನ್ನಿ. ಒಳ್ಳೆಯ ಪ್ಯಾಡಿನ ಮೂಲಕ ಹಾದ ಆ ಗಾಳಿ 26 ಡಿಗ್ರಿಯ ಆಸುಪಾಸಿಗೆ ಬರಬಲ್ಲದು. ಅದೇ ಕೂಲರನ್ನು 34 ಡಿಗ್ರಿ ಬಿಸಿಲು, ಶೇಕಡಾ 60 ತೇವ ಇರುವ ಕರಾವಳಿಯ ಊರಿಗೆ ಒಯ್ಯಿರಿ. ಐದು ಡಿಗ್ರಿ ಇಳಿಸುವಷ್ಟರಲ್ಲಿ ಅದಕ್ಕೆ ಸಾಕಾಗುತ್ತದೆ. ಮಂಗಳೂರಿನ ನೆಂಟರು "ಕೂಲರ್ ಎಲ್ಲ ದಂಡ" ಎಂದರೆ ಅವರ ಊರಿನ ಮಟ್ಟಿಗೆ ಅದು ಸರಿಯಾದ ಮಾತು. ಇಲ್ಲಿ ಮಾತ್ರ ಅದನ್ನು ನಂಬಬೇಡಿ.

ಈಗ ಅಳತೆಗೆ ಬರೋಣ. ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಟ್ಯಾಂಕ್ ಎಷ್ಟು ಲೀಟರ್?" ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಗಾಳಿ ಎಷ್ಟು ಎಂದು. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1440 ಘನ ಅಡಿ ಗಾಳಿ ಇರುತ್ತದೆ. ಎರಡು ನಿಮಿಷಕ್ಕೊಮ್ಮೆ ಅದಷ್ಟೂ ಬದಲಾಗಬೇಕೆಂದರೆ ನಿಮಿಷಕ್ಕೆ 720 ಘನ ಅಡಿ ಬೇಕು. ಡಬ್ಬಿಯ ಮೇಲೆ ಬರೆಯುವ ಲೆಕ್ಕದಲ್ಲಿ ಇದು ಗಂಟೆಗೆ ಸುಮಾರು 1200 ಘನ ಮೀಟರ್. ಡಬ್ಬಿಯ ಲೆಕ್ಕಕ್ಕೂ ಮನೆಯ ಗಾಳಿಗೂ ಅಂತರ ಇದ್ದೇ ಇರುತ್ತದೆ. ಹಾಗಾಗಿ ಇಂಥ ಕೋಣೆಗೆ 1500ಕ್ಕೆ ಕಡಿಮೆ ಇರುವುದನ್ನು ನಾನು ಆರಿಸುವುದಿಲ್ಲ. ಟ್ಯಾಂಕಿನ ಮಾತು ಆಮೇಲೆ. ಇಷ್ಟು ಗಾಳಿ ಬೀಸುವ ಕೂಲರ್ ಕಡುಬೇಸಿಗೆಯ ಮಧ್ಯಾಹ್ನ ತಾಸಿಗೆ 8 ಲೀಟರಿನಷ್ಟು ನೀರು ಕುಡಿಯುತ್ತದೆ. ನೀರು ಕಡಿಮೆ ಕುಡಿಯುವ ಕೂಲರ್ ಎಂದು ಯಾರಾದರೂ ಹೊಗಳಿದರೆ, ಅದು ತಂಪನ್ನೂ ಅಷ್ಟೇ ಕಡಿಮೆ ಕೊಡುತ್ತದೆ ಎಂದು ತಿಳಿಯಿರಿ. 40 ಲೀಟರಿನ ಟ್ಯಾಂಕು ಐದು ತಾಸಿಗೆ ಬರಿದಾಗುತ್ತದೆ. ರಾತ್ರಿ ನಡುನಿದ್ದೆಯಲ್ಲಿ ಎದ್ದು ಕೊಡ ಎತ್ತುವುದು ಬೇಡವೆಂದರೆ 70 ಲೀಟರಿನ ಮೇಲೆ ನೋಡಿ.

ಕೂಲರಿನ ಜೀವ ಇರುವುದು ಪ್ಯಾಡಿನಲ್ಲಿ. ತಗಡಿನ ಕೂಲರಿನ ಮೂರು ಕಡೆಯ ಜಾಲರಿಯಲ್ಲಿ ತುಂಬುವ ಹಳದಿ ಹುಲ್ಲು ನಿಜವಾಗಿ ಹುಲ್ಲಲ್ಲ, ಕಟ್ಟಿಗೆಯ ಸಣ್ಣ ಎಳೆ. ಹೊಸತಾಗಿ ಹಾಕಿದ ದಿನ ಅದರಿಂದ ಬರುವ ಹಸಿ ಕಟ್ಟಿಗೆಯ ವಾಸನೆ ನಮ್ಮ ಕಡೆ ಬೇಸಿಗೆ ಶುರುವಾದ ಗುರುತು. ಅಗ್ಗ, ತಂಪು ಚೆನ್ನ, ಆದರೆ ಒಂದೇ ಬೇಸಿಗೆಗೆ ಕುಸಿದು ಕೂಡುತ್ತದೆ. ಲಾವಂಚದ ಪ್ಯಾಡಿಗೆ ಪರಿಮಳದಲ್ಲಿ ಸಾಟಿಯಿಲ್ಲ. ಜೇನುಗೂಡಿನಂತೆ ಕಾಣುವ ಕಂದು ಕಾಗದದ ಪ್ಯಾಡು ಕೆಲವು ವರ್ಷ ಬಾಳುತ್ತದೆ. ಅದನ್ನು ಕೊಳ್ಳುವಾಗ ದಪ್ಪ ನೋಡಿ: ತೆಳ್ಳಗಿದ್ದರೆ ಗಾಳಿ ನೀರನ್ನು ಸರಿಯಾಗಿ ಸೋಕುವ ಮೊದಲೇ ದಾಟಿಬಿಡುತ್ತದೆ. ನಾನು ಈ ಹೊತ್ತಿಗೂ ದೊಡ್ಡ ಪಡಸಾಲೆಗೆ ಮೂರು ಕಡೆ ಹುಲ್ಲಿರುವ ತಗಡಿನ ಕೂಲರನ್ನೇ ಮೆಚ್ಚುವವನು. ಚಿಕ್ಕ ಮಕ್ಕಳಿರುವ ಮಲಗುವ ಕೋಣೆಗೆ ಮಾತ್ರ ಪ್ಲಾಸ್ಟಿಕ್ ಮೈಯದೇ ಸರಿ.

ನೋಡಲು, ಕೇಳಲು ಕಲಿಯಬೇಕಾದದ್ದು ಇನ್ನೂ ಇದೆ. ಅಂಗಡಿಯವರಿಗೆ ಹೇಳಿ ನೀರು ಹಾಕಿಸಿ, ಹತ್ತು ನಿಮಿಷ ಪಂಪು ನಡೆಸಿ. ಪ್ಯಾಡಿನ ಮೇಲಂಚಿನಿಂದ ನೀರು ಉದ್ದಕ್ಕೂ ಸಮನಾಗಿ ಇಳಿಯಬೇಕು. ಒಂದು ಮೂಲೆ ಒಣಗಿಯೇ ಉಳಿದರೆ ಹೊರಗಿನ ಝಳ ಆ ಕಿಂಡಿಯಿಂದ ನೇರ ಒಳಗೆ ಬರುತ್ತದೆ. ಕೈ ಇಟ್ಟು ಮೇಲೆ, ನಡುವೆ, ಕೆಳಗೆ ಮುಟ್ಟಿ ನೋಡುವುದನ್ನು ನನ್ನ ಅಪ್ಪ ಕಲಿಸಿದರು. ಆಮೇಲೆ ಕಣ್ಣು ಮುಚ್ಚಿ ಕೇಳಿ. ಒಳ್ಳೆಯ ಕೂಲರಿನಲ್ಲಿ ಎರಡು ಸದ್ದು ಬೇರೆ ಬೇರೆಯಾಗಿ ಕೇಳುತ್ತವೆ: ರೆಕ್ಕೆಗಳ ಒಂದೇ ಸಮನಾದ ಮೊರೆತ, ಅದರ ಕೆಳಗೆ ನೀರು ತೊಟ್ಟಿಕ್ಕುವ ಮೆಲುದನಿ. ನಡುವೆ ಕಟಕಟ ಬಂದರೆ ಮೋಟರಿನ ಬುಷ್ ಸವೆದಿದೆ ಅಥವಾ ರೆಕ್ಕೆ ಜಾಲರಿಗೆ ತಾಗುತ್ತಿದೆ. ಇನ್ನು ಹತ್ತು ಅಡಿ ದೂರ ನಿಂತು ಮುಖ ಒಡ್ಡಿ. ಗಾಳಿ ತಣ್ಣಗಿರಬೇಕು, ಹನಿ ಮಾತ್ರ ತಾಗಬಾರದು. ಮುಖಕ್ಕೆ ತುಂತುರು ಸಿಡಿದರೆ ಹೊಸಬರು ಹಿಗ್ಗುತ್ತಾರೆ. ಅದು ಆವಿಯಾಗದೆ ಹಾರಿಬಂದ ನೀರು. ಹಾಸಿಗೆ ನೆನೆಸುತ್ತದೆ, ತಂಪು ತರುವುದಿಲ್ಲ.

ಐಸ್ ಹಾಕುವ ಡಬ್ಬಿ ಇದೆ ಎಂದು ಕೆಲವು ಕೂಲರುಗಳನ್ನು ಮಾರುತ್ತಾರೆ. ಒಂದು ಕಿಲೋ ಐಸು ಕರಗುವಾಗ 80 ಕಿಲೋಕ್ಯಾಲರಿ ಶಾಖ ಹೀರುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದು ಸುಮಾರು 580. ಐಸಿಗೆ ಕೊಡುವ ದುಡ್ಡನ್ನು ಒಳ್ಳೆಯ ಪ್ಯಾಡಿಗೆ ಕೊಡಿ.

ಬೋರಿನ ಸವಳು ನೀರು ಹಾಕುವವರು ಇನ್ನೊಂದು ವಿಷಯ ನೆನಪಿಡಬೇಕು. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ದಿನದಿನವೂ ಮೇಲೆ ಮೇಲೆ ನೀರು ತುಂಬುತ್ತಾ ಹೋದರೆ ತಿಂಗಳೊಳಗೆ ಪ್ಯಾಡಿನ ಮೇಲೆ ಸುಣ್ಣದಂಥ ಬಿಳಿ ಪದರು ಕಟ್ಟಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಕಾಲುವೆಯ ನೀರು ಸಿಗುವವರು ಅದನ್ನೇ ಬಳಸಲಿ. ಯಾವ ನೀರಾದರೂ ವಾರಕ್ಕೊಮ್ಮೆ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಗೋಡೆಗಳನ್ನು ತಿಕ್ಕಿ ಒಣಗಿಸಿ. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ವಾರ ಹತ್ತು ದಿನ ಮಾತ್ರ.

ಕರೆಂಟಿನ ಮಾತನ್ನು ಕೈಮುಗಿದು ಹೇಳುತ್ತೇನೆ. ತಗಡು, ನೀರು, ಬರಿಗಾಲು ಒಂದೆಡೆ ಸೇರುವ ಜಾಗ ಇದು. ನೀರು ತುಂಬುವ ಮೊದಲು ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗು ಕೀಳಬೇಕು. ಮೂರು ಪಿನ್ನಿನ ಪ್ಲಗ್ಗು ಇದ್ದು, ಮನೆಯ ಅರ್ತಿಂಗ್ ಸರಿಯಿದೆ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳಿದ ಮೇಲೆಯೇ ಚಾಲೂ ಮಾಡಿ. ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು. ಕೂಲರುಗಳಿಗೆಂದೇ ಐಎಸ್ 3315 ಎಂಬ ಭಾರತೀಯ ಮಾನಕ ಇದೆ, ಅದರ ಗುರುತು ಇದೆಯೇ ಎಂದು ಕೇಳಿ. ಮನೆಯ ಹೆಣ್ಣುಮಕ್ಕಳು ನೆಲ ಒರೆಸುವಾಗ, ಹುಡುಗರು ಆಡುವಾಗ ಕೈ ತಾಗುವುದು ಇದೇ ತಗಡಿಗೆ.

ರೋಹಿಣಿ ಮಳೆ ಬಿದ್ದ ದಿನ ಕೂಲರಿನ ಗಾಳಿಯಲ್ಲಿ ಮೊದಲ ಬಾರಿಗೆ ಅಂಟು ಕಾಣಿಸುತ್ತದೆ. ಆಗ ಪಂಪು ನಿಲ್ಲಿಸಿ, ಬರೀ ಫ್ಯಾನು ಓಡಿಸಿ. ಮಿರಗ ಮಳೆ ಕೂಡಿ ಹೊಲದಲ್ಲಿ ಬಿತ್ತನೆ ನಡೆಯುವ ಹೊತ್ತಿಗೆ ಮೇಡಂ ತಮ್ಮ ಕೂಲರನ್ನು ತಾವೇ ಬಿಚ್ಚಿ, ಪ್ಯಾಡುಗಳನ್ನು ಮಾಳಿಗೆಯ ಮೇಲೆ ಒಣಹಾಕಿದ್ದರು. ಕಿಟಕಿ ಮಾತ್ರ ತೆರೆದೇ ಇತ್ತು.