ಬಲಿಗೆ ಹತ್ತು ತಾಳ, ಮುತ್ತಾತನಿಗೆ ಹದಿನಾರು

ದಶಾವತಾರ ಗಂಜೀಫಾ ಎಂಬ ಎಲೆಯಾಟದಲ್ಲಿ ಅರ್ಧ ಪಂಗಡಗಳ ಎಣಿಕೆ ತಿರುಗುಮುರುಗಾಗಿ ನಡೆಯುವ ಬಗೆಯನ್ನು ಈ ವಾರ ಬರೆಯುವುದಾಗಿ ಹೇಳಿದ್ದೆ. ರಾಜ, ಮಂತ್ರಿ ಇಳಿದ ಮೇಲೆ ಐದು ಪಂಗಡಗಳಲ್ಲಿ ಹತ್ತು ದೊಡ್ಡದು, ಇನ್ನೈದರಲ್ಲಿ ಒಂದೇ ದೊಡ್ಡದು. ಹೊಸಬರು ಎಡವುವುದೆಲ್ಲ ಅಲ್ಲೇ. ಅದು ಮುಂದಿನ ವಾರಕ್ಕಿರಲಿ. ಶ್ರೀರಂಗಪಟ್ಟಣದ ಗಂಜಾಂನ ಓದುಗರೊಬ್ಬರು ಕಳಿಸಿದ ಎಲೆಯೊಂದು ಮೇಜಿನ ಮೇಲೆ ಬಂದು ಕೂತಿದೆ. ಅದರ ಮಾತು ಮುಗಿಸದೆ ಮುಂದಕ್ಕೆ ಹೋಗುವಂತಿಲ್ಲ.

ಅವರ ಮಗ ಮತ್ತು ಗೆಳೆಯರು ರಜೆಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಾರಂತೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರ ಹೊತ್ತು, ದಾಳ ಉರುಳಿಸಿ ಕಥೆ ನಡೆಸುವ ಆಟ. ಪರದೇಶದ ಕಥೆ ಸಾಕೆಂದು ನಮ್ಮ ಪುರಾಣದ ಕಥೆಯನ್ನೇ ಕಟ್ಟಿಕೊಂಡಿದ್ದಾರೆ, ಪಾತ್ರಗಳಿಗೆ ಗಂಜೀಫಾ ಮಾದರಿಯ ದುಂಡನೆಯ ಎಲೆ ಬರೆದಿದ್ದಾರೆ. ಕೆಲಸ ಅಚ್ಚುಕಟ್ಟು. ಅಂಚಿನ ಬಳ್ಳಿ ಎಲ್ಲೂ ಕಡಿದಿಲ್ಲ, ಮಂಟಪದ ಕೆಳಗೆ ರಾಜ ಪದ್ಮಾಸನ ಹಾಕಿ ಕೂತಿದ್ದಾನೆ, ಕಿರೀಟದ ಚಿನ್ನದ ಬಣ್ಣ ಸಮನಾಗಿ ಕೂತಿದೆ. ಆದರೆ ಆತ ರಾಕ್ಷಸರ ರಾಜ. ಅವನಿಗೆ ಹುಲಿಯ ತಲೆ, ಮೇಲಾಗಿ ಎರಡೂ ಅಂಗೈ ಹಿಂದುಮುಂದು.

ಈ ಹುಲಿತಲೆಯ ಜೊತೆ ನನ್ನ ಜಗಳ ಇವತ್ತಿನದಲ್ಲ. ಹುಡುಗರದ್ದು ತಪ್ಪಿಲ್ಲ, ಅವರ ಕೈಗೆ ಸಿಕ್ಕಿದ ಪುಸ್ತಕ ಹಾಗಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದದ್ದು 1974ರಲ್ಲಿ. ಅದೇ ವರ್ಷ ಅಮೆರಿಕದ ಟಿ.ವಿ.ಯಲ್ಲಿ ಬಂದ ‘ಕೋಲ್ಚಾಕ್’ ಎಂಬ ದೆವ್ವದ ಧಾರಾವಾಹಿಯ ಒಂದು ಕಂತಿನಲ್ಲಿ ರಾಕ್ಷಸನೊಬ್ಬ ಕಾಣಿಸಿಕೊಂಡ. ಆಟದ ರಾಕ್ಷಸ ಹುಟ್ಟಿದ್ದು ಆ ಕಂತಿನಿಂದ. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರದಲ್ಲಿ ಅವನಿಗೆ ಹುಲಿಮುಖ ಬಂತು, ಮೈಮೇಲೆ ನಿಲುವಂಗಿ ಬಂತು, ಕೈಗೆ ಹೊಗೆಸೊಪ್ಪಿನ ಪೈಪು ಬಂತು. ಚಿತ್ರ ಸೊಗಸಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಐವತ್ತು ವರ್ಷಗಳಿಂದ ಅದೇ ಅಚ್ಚಿನಲ್ಲಿ ರಾಕ್ಷಸರನ್ನೆಲ್ಲ ಎರಕ ಹೊಯ್ಯುತ್ತ ಬಂದಿದ್ದಾರೆ. ರಾಮಾಯಣದ ನಾಡಿಗೂ ಅದೇ ಎರಕ ವಾಪಸು ಬಂದರೆ ಸುಮ್ಮನಿರಲಾಗದು.

ಅದರಲ್ಲೂ ಗಂಜಾಂಗೆ ಬರುವುದೆಂದರೇನು! ಅಲ್ಲಿನ ಗುಂಬಜ್ ಒಳಗೆ ಹೋಗಿ ಗೋಡೆ ನೋಡಬೇಕು. ಹೈದರಾಲಿ, ಟಿಪ್ಪು ಮಲಗಿರುವ ಆ ಕೋಣೆಯ ಗೋಡೆಗೆ ಹುಲಿಪಟ್ಟೆಯನ್ನೇ ಬಣ್ಣದಲ್ಲಿ ಬಳಿದಿದ್ದಾರೆ. ಟಿಪ್ಪುವಿನ ಸಿಂಹಾಸನದ ಬುಡದಲ್ಲಿದ್ದದ್ದು ಚಿನ್ನದ ಹುಲಿತಲೆ, ಅವನ ಸಿಪಾಯಿಗಳ ಅಂಗಿಯ ಮೇಲೂ ಹುಲಿಯ ಗುರುತು. ಶ್ರೀರಂಗಪಟ್ಟಣದ ಈ ದ್ವೀಪದಲ್ಲಿ ಹುಲಿ ದೊರೆತನದ ಲಾಂಛನ. ಇಲ್ಲಿನ ಮಕ್ಕಳು ಹುಲಿಮುಖವನ್ನು ರಾಕ್ಷಸನ ಗುರುತಾಗಿ ಹೊರಗಿನಿಂದ ಕಲಿಯುವಂತಾದರೆ, ಕಾಲ್ನಡಿಗೆಯ ದೂರದಲ್ಲಿರುವ ಗೋಡೆಯನ್ನು ಅವರಿಗೆ ಯಾರೂ ತೋರಿಸಿಲ್ಲವೆಂದೇ ಅರ್ಥ.

ಹಾಗಾದರೆ ನಮ್ಮ ಕಾವ್ಯದಲ್ಲಿ ಹುಲಿಮುಖದ ರಾಕ್ಷಸರು ಇಲ್ಲವೇ? ಇದ್ದಾರೆ. ವಾಲ್ಮೀಕಿಯ ಸುಂದರಕಾಂಡದ ಹದಿನೇಳನೆಯ ಸರ್ಗವನ್ನು ನಾನು ಮತ್ತೆ ಮತ್ತೆ ತೆರೆಯುತ್ತೇನೆ. ಶಿಂಶುಪಾ ಮರದ ಮೇಲೆ ಕೂತ ಹನುಮಂತ ಸೀತೆಯ ಕಾವಲಿನ ರಾಕ್ಷಸಿಯರನ್ನು ನೋಡುತ್ತಾನೆ. ಒಬ್ಬಳಿಗೆ ಒಂದೇ ಕಣ್ಣು, ಇನ್ನೊಬ್ಬಳಿಗೆ ಒಂದೇ ಕಿವಿ, ಮತ್ತೊಬ್ಬಳಿಗೆ ಕಿವಿಯೇ ಇಲ್ಲ. ಒಬ್ಬಳು ತನ್ನ ಕಿವಿಯನ್ನೇ ಹೊದ್ದುಕೊಳ್ಳುವಷ್ಟು ಅಗಲಗಿವಿಯವಳು, ಒಬ್ಬಳು ಕೂದಲನ್ನೇ ಕಂಬಳಿ ಮಾಡಿಕೊಂಡವಳು. ಮೂಗು ನೆತ್ತಿಯ ಮೇಲಿರುವವಳಿದ್ದಾಳೆ, ಸಣ್ಣ ಉದ್ದ ಕತ್ತಿನವಳಿದ್ದಾಳೆ, ಕುಳ್ಳಿ, ಗೂನಿ, ಜೋಲುತುಟಿಯವಳು ಎಲ್ಲರೂ ಇದ್ದಾರೆ. ಆನೆಯ ಪಾದ, ಒಂಟೆಯ ಪಾದ, ಕುದುರೆಯ ಪಾದ. ಮುಖಗಳಂತೂ ಹಂದಿ, ಜಿಂಕೆ, ಹುಲಿ, ಕೋಣ, ಮೇಕೆ, ನರಿ. ಅಷ್ಟರ ನಡುವೆ ಹುಲಿಮುಖವೂ ಒಂದು! ಒಂದು ಮೈಯಂತೆ ಇನ್ನೊಂದಿಲ್ಲ ಎನ್ನುವುದೇ ಆ ವರ್ಣನೆಯ ಹುರುಳು. ಅದೇ ಕಾವಲಿನವರ ನಡುವಿನ ತ್ರಿಜಟೆ ಮುಂದೆ ರಾಮನ ಗೆಲುವಿನ ಕನಸು ಕಂಡು ಸೀತೆಯ ಪರ ನಿಲ್ಲುತ್ತಾಳೆ. ರಾವಣನ ಸಭೆಗೆ ಕಟ್ಟಿ ತಂದಾಗ ಹನುಮಂತ ಆ ದೊರೆಯ ರೂಪಕ್ಕೂ ಧೈರ್ಯಕ್ಕೂ ಬೆರಗಾಗುತ್ತಾನೆ.

ಕಾವ್ಯಕ್ಕೆ ಹೇಳಿದ್ದಾಯಿತು, ಕುಂಚಕ್ಕೆ ಅಳತೆ ಬೇಕಲ್ಲ. ಅದನ್ನು ಶುಕ್ರನೀತಿಯೆಂಬ ಶಾಸ್ತ್ರಗ್ರಂಥ ಕೊಡುತ್ತದೆ. ಅವನೀಂದ್ರನಾಥ ಠಾಕೂರರು ಭಾರತೀಯ ಚಿತ್ರದ ಅಂಗರಚನೆಯ ಮೇಲೆ 1914ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ಆ ಲೆಕ್ಕವನ್ನು ವಿವರಿಸಿದ್ದಾರೆ. ಮುಷ್ಟಿಯ ಕಾಲು ಭಾಗ ಒಂದು ಅಂಗುಲ, 12 ಅಂಗುಲ ಒಂದು ತಾಳ. ನರಮೂರ್ತಿಗೆ 10 ತಾಳ, ಕ್ರೂರಮೂರ್ತಿಗೆ 12, ಆಸುರಮೂರ್ತಿಗೆ 16, ಬಾಲಮೂರ್ತಿಗೆ 5, ಕುಮಾರಮೂರ್ತಿಗೆ 6. ಶಿಲ್ಪಿಗಳ ರೂಢಿಯಲ್ಲಿ ಮುಖದ ಉದ್ದವೇ ತಾಳವಾದ್ದರಿಂದ ಬೆಟ್ಟದ ಬಂಡೆಗೂ ಬೊಗಸೆಯ ಎಲೆಗೂ ಇದೇ ಲೆಕ್ಕ ಸಲ್ಲುತ್ತದೆ.

ಯಾರು ಯಾವ ಗುಂಪಿನವರು ಎನ್ನುವಲ್ಲಿಗೆ ಬಂದಾಗ ನನ್ನ ಕಣ್ಣು ಅರಳುತ್ತದೆ. ಹದಿನಾರರಲ್ಲಿ ಹಿರಣ್ಯಕಶಿಪು, ಹಿರಣ್ಯಾಕ್ಷ, ವೃತ್ರ, ರಾವಣ, ಕುಂಭಕರ್ಣ, ಶುಂಭ, ನಿಶುಂಭ, ಮಹಿಷಾಸುರ, ರಕ್ತಬೀಜ. ನಿರೀಕ್ಷೆಯ ಹೆಸರುಗಳೇ. ಹತ್ತರಲ್ಲಿ ನರನಾರಾಯಣರು, ರಾಮ, ಇಂದ್ರ, ಪರಶುರಾಮ, ಅರ್ಜುನ, ಅವರ ಜೊತೆ ಬಲಿ ಮತ್ತು ಬಾಣ! ಹಿರಣ್ಯಕಶಿಪುವಿನ ಮಗ ಪ್ರಹ್ಲಾದ, ಅವನ ಮಗ ವಿರೋಚನ, ಅವನ ಮಗ ಬಲಿ, ಬಲಿಯ ಮಗ ಬಾಣ. ವಂಶ ಒಂದೇ, ರಕ್ತ ಒಂದೇ. ಆದರೂ ಮುತ್ತಾತನಿಗೆ 16 ತಾಳ, ಮರಿಮಗನಿಗೆ ರಾಮನ ಸಮಕ್ಕೆ 10. ಕೊಟ್ಟ ಮಾತಿಗೆ ತಲೆಯನ್ನೇ ಒಡ್ಡಿದವನನ್ನು ಅಸುರರ ಸಾಲಿಗೆ ತಳ್ಳಲು ಶಾಸ್ತ್ರ ಒಪ್ಪಲಿಲ್ಲ. ಇಲ್ಲಿ ಮೈಯ ಅಳತೆ ಹುಟ್ಟಿನಿಂದ ಬರುವುದಿಲ್ಲ, ನಡತೆಯಿಂದ ಬರುತ್ತದೆ.

ನರಸಿಂಹನ ಹೆಸರಂತೂ ಎರಡು ಕಡೆ ಬರುತ್ತದೆ, ಹತ್ತರಲ್ಲೂ ಹನ್ನೆರಡರಲ್ಲೂ. ಇದು ಬರೆದವರ ಕೈತಪ್ಪೆಂದು ತಳ್ಳಿಹಾಕುವವರು ಮೇಲುಕೋಟೆಯ ಬೆಟ್ಟ ಹತ್ತಲಿ. ಅಲ್ಲಿರುವವನು ಯೋಗಪಟ್ಟಿ ಬಿಗಿದು ಶಾಂತನಾಗಿ ಕೂತ ಯೋಗಾನರಸಿಂಹ. ಕಂಬ ಒಡೆದು ಬಂದ ಉಗ್ರನೂ ಇವನೂ ಒಬ್ಬನೇ ದೇವರು, ಭಾವ ಬೇರೆ. ಭಾವ ಬದಲಾದರೆ ಅಳತೆಯೂ ಬದಲಾಗಬಹುದು. ಬಾಲಮೂರ್ತಿ ನೋಡಬೇಕೆನ್ನುವವರು ಶ್ರೀರಂಗಪಟ್ಟಣದ ಕೋಟೆಯೊಳಗೆ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ನರಸಿಂಹ ದೇವಸ್ಥಾನಕ್ಕೆ ಹೋಗಿ ಅಂಬೆಗಾಲು ಕೃಷ್ಣನ ಮುಂದೆ ನಿಲ್ಲಲಿ. ಇನ್ನು ಚಾಮುಂಡಿ ಬೆಟ್ಟದ ಮಹಿಷಾಸುರ: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ಹುರಿಮೀಸೆ. ಮುಖ ಮಾತ್ರ ಮನುಷ್ಯನದೇ. ಕೋಣನ ತಲೆಯಿಲ್ಲದೆಯೂ ಮೈಸೂರು ಸೀಮೆಯ ಮಗು ಅವನನ್ನು ಗುರುತಿಸುತ್ತದೆ, ನಿಲುವು ಅಷ್ಟು ಹೇಳುತ್ತದೆ.

ಹುಡುಗರ ಆಟದ ಮೂಲ ಪುಸ್ತಕಗಳು ಇತ್ತೀಚೆಗೆ, ಅಳತೆ ಹುಟ್ಟಿನದೋ ನಡತೆಯದೋ ಎಂಬ ಇದೇ ಪ್ರಶ್ನೆಗೆ ಬಂದು ನಿಂತಿವೆ. ಹಿಂದೆ ಡ್ವಾರ್ಫ್ ಆಗಿ ಹುಟ್ಟಿದರೆ ಗಟ್ಟಿತನ, ಎಲ್ಫ್ ಆದರೆ ಚುರುಕು, ಅರೆ ಆರ್ಕ್ ಆದರೆ ತೋಳ್ಬಲ ಎಂದು ಅಂಕಗಳು ಹುಟ್ಟಿಗೇ ಅಂಟಿಕೊಂಡಿದ್ದವು. 2020ರಲ್ಲಿ ಆ ಅಂಕಗಳನ್ನು ಬೇಕಾದಲ್ಲಿಗೆ ಹಾಕಿಕೊಳ್ಳಲು ಬಿಟ್ಟರು. 2024ರ ಹೊಸ ಕೈಪಿಡಿಯಲ್ಲಿ ಅವನ್ನು ಹುಟ್ಟಿನಿಂದ ಬಿಡಿಸಿ, ಪಾತ್ರ ಬೆಳೆದು ಬಂದ ಹಿನ್ನೆಲೆಗೆ ಕಟ್ಟಿದರು. ಇದಕ್ಕೆ ಅಲ್ಲಿ ದೊಡ್ಡ ರಂಪವಾಯಿತು, ಆಟದ ಸತ್ವವೇ ಹೋಯಿತೆಂದು ಹಳಬರು ಗೋಳಾಡಿದರು. ನಾನು ಹೊಸ ನಿಯಮದ ಪರ. ಬಲಿಯ ಹತ್ತು ತಾಳ ಓದಿದವನಿಗೆ ಬೇರೆ ಪಕ್ಷ ಹಿಡಿಯಲು ಬರುವುದಿಲ್ಲ. ಆದರೆ ಆಕಾರಕ್ಕೂ ಆಟಕ್ಕೂ ಇನ್ನು ಸಂಬಂಧವೇ ಬೇಡ, ಮೈ ಬರೀ ವೇಷ ಎನ್ನುವವರ ಮಾತನ್ನೂ ಒಪ್ಪಲಾರೆ.

ಏಕೆಂದರೆ ಎಲೆಯಾಟದಲ್ಲಿ ಮೈಯೇ ಬರಹ. 120 ಎಲೆಗಳ ದಶಾವತಾರದ ಕಟ್ಟಿನಲ್ಲಿ ಅಕ್ಷರವಿಲ್ಲ. ಮೀನು ಕಂಡರೆ ಮತ್ಸ್ಯ, ಕೊಡಲಿ ಕಂಡರೆ ಪರಶುರಾಮ. ಹಗಲಾಟವಾದರೆ ರಾಮನನ್ನು ಹಿಡಿದವನು ಮೊದಲು ಇಳಿಸಬೇಕು, ರಾತ್ರಿಯಾದರೆ ಕೃಷ್ಣನನ್ನು ಹಿಡಿದವನು. ದೀಪದ ಬೆಳಕಿನಲ್ಲಿ ಒಂದೇ ನೋಟಕ್ಕೆ ಗುರುತು ಸಿಗದಿದ್ದರೆ ಕೈ ಹೋಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಬಲ್ಲವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಅರಮನೆಯ ವಿದ್ಯೆ, ವಿನೋದಗಳನ್ನು ಅವರು ಕೈಬಿಡಲಿಲ್ಲ. ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ ದೇವತೆಗಳ ಬಣ್ಣ, ತೋಳು, ಆಯುಧ, ವಾಹನವನ್ನು ಹೇಳಿಸಿ, ಕೊನೆಯ ಕೌತುಕನಿಧಿಯಲ್ಲಿ ಛದಗಳೆಂಬ ಎಲೆಯಾಟಗಳನ್ನು ಸೇರಿಸಿದರು. ಸಾಮಾನ್ಯವಾಗಿ ಪಂಗಡಕ್ಕೆ 12 ಎಣಿಕೆಯ ಎಲೆ, 6 ಆಸ್ಥಾನದ ಎಲೆ. ಕೆಲವು ಕಟ್ಟುಗಳು 360 ಎಲೆಯವರೆಗೆ ಬೆಳೆದವು. ದೇವತಾಲಕ್ಷಣ, ಆಟದ ನಿಯಮ ಎರಡೂ ಒಂದೇ ಗ್ರಂಥದಲ್ಲಿವೆ. ಲಕ್ಷಣ ಬಿಟ್ಟು ಆಟ ಕಲಿಸುವವರೂ, ಆಟ ಬಿಟ್ಟು ಎಲೆಗಳಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರೂ ಆ ಗ್ರಂಥವನ್ನು ಅರ್ಧಕ್ಕೆ ಹರಿದವರೇ. ಗಂಜೀಫಾ ರಘುಪತಿ ಭಟ್ಟರಂಥವರು ಈ ಕಲೆಯನ್ನು ನಮ್ಮ ಕಾಲಕ್ಕೆ ದಾಟಿಸಿದ್ದಾರೆ. ಆಡುವ ಹೊಣೆ ನಮ್ಮದು.

ಆದ್ದರಿಂದ ಗಂಜಾಂನ ಹುಡುಗರಿಗೆ ನನ್ನ ಮಾತು ಇಷ್ಟೇ. ಆಟ ನಿಲ್ಲಿಸಬೇಡಿ, ಎಲೆ ಬರೆಯುವುದನ್ನಂತೂ ನಿಲ್ಲಿಸಲೇಬೇಡಿ. ಹುಲಿತಲೆಯ ರಾಜನನ್ನು ತೆಗೆದು ರಾವಣನನ್ನು ಕೂರಿಸಿ, 16 ತಾಳಕ್ಕೆ, ಹನುಮಂತ ಬೆರಗಾಗುವಂಥ ಚೆಲುವನನ್ನಾಗಿ. ಕಾವಲಿನ ಎಲೆಗಳಿಗೆ ಸುಂದರಕಾಂಡದ ಮುಖಗಳನ್ನೆಲ್ಲ ಬಳಸಿ, ಆ ಹುಲಿಗೂ ಅಲ್ಲೊಂದು ಜಾಗವಿದೆ. ಬಲಿಯನ್ನು ಬರೆಯುವಾಗ ಮಾತ್ರ ಇಂದ್ರನ ಎಲೆಯನ್ನು ಪಕ್ಕದಲ್ಲಿಟ್ಟು ಅಳೆಯಿರಿ. ಇಬ್ಬರೂ ಒಂದೇ ಎತ್ತರಕ್ಕೆ ಬರಬೇಕು. ಬಲಿಯ ಮುಂದೆ ಕೈಚಾಚಿ ನಿಲ್ಲುವ ವಾಮನನಿಗೆ 6 ತಾಳ ಸಾಕು.