ಎಣ್ಣೆ ಹಿಡಿಯದ ದೀಪಗಳು

ಬೆಂಗಳೂರಿಗೆ ತನ್ನದೇ ಎನ್ನುವ ದೀಪವಿಲ್ಲ. ಅವೆನ್ಯೂ ರಸ್ತೆಯಿಂದ ಚಿಕ್ಕಪೇಟೆ, ನಗರ್ತಪೇಟೆಯ ಕಡೆಗೆ ತಿರುಗುವ ಗಲ್ಲಿಗಳ ಹಿತ್ತಾಳೆ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಇದು ತಿಳಿಯುತ್ತದೆ. ತುದಿಯಲ್ಲಿ ಹಂಸ ಕೂತ ಎತ್ತರದ ಕಂಬ ಕುಂಭಕೋಣದ ಪಕ್ಕದ ನಾಚ್ಚಿಯಾರ್‌ಕೋವಿಲಿನ ವಂಶದ್ದು. ಅಗಲ ಪಾದ, ದಪ್ಪ ಎರಕ, ಕಡಿಮೆ ಅಲಂಕಾರದ್ದು ಕೇರಳದ್ದು; ನಮ್ಮ ಕರಾವಳಿಯ ಕಾಲುದೀಪ ಅದರ ದಾಯಾದಿ. ನವಿಲು, ಗಣಪತಿ, ಎಲೆಯ ಆಕಾರದ ಹಗುರ ದೀಪಗಳಲ್ಲಿ ಬಹುಪಾಲು ಮುರಾದಾಬಾದು, ಅಲೀಗಢದ ಕಡೆಯಿಂದ ಬಂದಂಥವು. ಹಳೇ ಮೈಸೂರಿನದು ಎನ್ನಬಹುದಾದ ಎರಕಕ್ಕೆ ನಾಗಮಂಗಲದ ಹೆಸರಿದೆ, ಆದರೆ ಅದೂ ಬೆಂಗಳೂರಿಗೆ ಹೊರಗಿನದೇ.

ಹೀಗಿದ್ದರೂ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳಲ್ಲಿ ದೀಪದ ಒಂದು ಪರಂಪರೆ ಇದೆ ಎಂದು ನಾವೆಲ್ಲ ನಂಬಿದ್ದೇವೆ. ನಂಬಿಕೆ ಸರಿಯೇ. ಆದರೆ ಅದನ್ನು ಹಬ್ಬದ ಪುರವಣಿಗಳು, ಅಲಂಕಾರದ ಮಳಿಗೆಗಳು ಲೋಹದ ಆಕಾರದಲ್ಲಿ ಹುಡುಕುತ್ತವೆ. ಅದು ಇರುವುದು ದೀಪವನ್ನು ಉರಿಸುವ ರೀತಿಯಲ್ಲಿ: ಯಾವ ದಿನ, ಯಾವ ಎಣ್ಣೆ, ಎಂಥ ಬತ್ತಿ, ಯಾರ ಕೈ. ಈ ಲೇಖನದ ವಾದ ಇಷ್ಟೇ.

ಈ ಬಡಾವಣೆಗಳ ವಯಸ್ಸನ್ನೊಮ್ಮೆ ನೋಡಿ. ಚಾಮರಾಜಪೇಟೆ ಆದದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗು ಪೇಟೆಯ ಜನರನ್ನು ಹೊರಗಟ್ಟಿದ ಮೇಲೆ. ಆ ಜನ ಹೊಸ ಮನೆಗಳಲ್ಲಿ ನೆಲೆಯೂರುವ ಹೊತ್ತಿಗೆ, 1905ರ ಆಗಸ್ಟ್ 5ರಂದು, ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗೆ ಬಂತು. ಅದಕ್ಕೆ ಮೂರು ವರ್ಷ ಮೊದಲೇ ಅದು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಮನೆಮನೆಗೆ ತಂತಿ ಎಳೆಯಲು ಇನ್ನೂ ಕಾಲ ಹಿಡಿಯಿತು. ಅಲ್ಲಿಯವರೆಗೆ ಸೀಮೆಎಣ್ಣೆಯ ಬುಡ್ಡಿ, ಲಾಂದ್ರಗಳು ಇದ್ದವು. ಅವು ಬರುವುದಕ್ಕೂ ಮುಂಚೆ ಅಡುಗೆಮನೆಗೂ, ದನದ ಕೊಟ್ಟಿಗೆಗೂ, ದೇವರ ಗೂಡಿಗೂ ಉರಿದದ್ದು ಒಂದೇ ಜಾತಿಯ ದೀಪ, ಹೆಚ್ಚುಕಡಿಮೆ ಒಂದೇ ಎಣ್ಣೆ. ಹೊಂಗೆ, ಹಿಪ್ಪೆ, ಹರಳು, ಎಳ್ಳು, ಯಾವುದು ಊರಲ್ಲಿ ಸಿಕ್ಕಿತೋ ಅದು. ಎಣ್ಣೆ ಸುಲಭದ ವಸ್ತುವಾಗಿರಲಿಲ್ಲ. ಗುಡಿಯ ನಂದಾದೀಪ ಆರದಂತೆ ನೋಡಿಕೊಳ್ಳಲು ಗಾಣಕ್ಕೆ ಇಷ್ಟು ಎಣ್ಣೆ ಎಂದು ಕಲ್ಲಿನಲ್ಲಿ ಕೊರೆದು ಬಿಟ್ಟ ದತ್ತಿಗಳು ಕನ್ನಡ ಶಾಸನಗಳ ತುಂಬ ಇವೆ. ಬೆಂಗಳೂರಿನ ಪೇಟೆಯಲ್ಲೇ ಗಾಣಿಗರಪೇಟೆ, ಕುಂಬಾರಪೇಟೆ ಎರಡೂ ಇದ್ದವು. ಹಣತೆ ಒಂದು ಬೀದಿಯಲ್ಲಿ, ಎಣ್ಣೆ ಇನ್ನೊಂದರಲ್ಲಿ.

ವಿದ್ಯುತ್ತು ಬಂದು ದೀಪವನ್ನು ದುಡಿಮೆಯಿಂದ ಬಿಡಿಸಿತು. ಕತ್ತಲೆ ಓಡಿಸುವ ಕೆಲಸ ಬಲ್ಬಿಗೆ ಹೋದಮೇಲೆ ಎಣ್ಣೆದೀಪಕ್ಕೆ ಉಳಿದದ್ದು ದೇವರು ಮಾತ್ರ. ನಾವು ಅನಾದಿ ಎಂದುಕೊಳ್ಳುವ ‘ಪೂಜೆಗೆ ಮಾತ್ರ ಮೀಸಲಾದ ದೀಪ’ ಈ ಊರಿನ ಮನೆಗಳ ಮಟ್ಟಿಗೆ ನೂರು ಚಿಲ್ಲರೆ ವರ್ಷದ್ದು. ಉಪಯೋಗದ ಭಾರ ಇಳಿದ ವಸ್ತು ಬೇಗ ಅಲಂಕಾರದ ಕಡೆ ವಾಲುತ್ತದೆ. ಆದ್ದರಿಂದ ಇಂದಿನ ಅಲಂಕಾರ ದೀಪಗಳನ್ನು ಕಂಡು ಸಂಪ್ರದಾಯ ಕೆಟ್ಟಿತು ಎಂದು ಹಲುಬುವವರ ಜತೆ ನಾನಿಲ್ಲ. ದೇವರ ಮನೆಯ ಶುದ್ಧ ಹಿತ್ತಾಳೆ ಕಂಬವೂ, ಷೋಕೇಸಿನ ನವಿಲು ದೀಪವೂ ಆ ಒಂದೇ ಬಿಡುಗಡೆಯ ಮಕ್ಕಳು.

ನನ್ನ ತಕರಾರು ಬೇರೆಯದು. ಈಗಿನ ದೀಪಗಳಲ್ಲಿ ಬಹಳಷ್ಟು ಸರಿಯಾಗಿ ಉರಿಯುವುದೇ ಇಲ್ಲ.

ಸೀಮೆಎಣ್ಣೆ ತೆಳು. ಬತ್ತಿಯಲ್ಲಿ ಗೇಣುದ್ದ ಬೇಕಾದರೂ ಏರುತ್ತದೆ. ಅದಕ್ಕೇ ಲಾಂದ್ರದಲ್ಲಿ ಎಣ್ಣೆ ಬುಡದಲ್ಲಿ, ಜ್ವಾಲೆ ಮೇಲೆ. ಎಳ್ಳೆಣ್ಣೆ, ಹರಳೆಣ್ಣೆಗಳು ಮಂದ. ಹತ್ತಿಯ ಎಳೆ ಹಿಡಿದು ಹೆಚ್ಚು ಎತ್ತರಕ್ಕೆ ಏರಲಾರವು. ಜ್ವಾಲೆ ಎಣ್ಣೆಯ ಮಟ್ಟಕ್ಕೆ ತೀರ ಹತ್ತಿರ ಇರಬೇಕು. ಹಣತೆ ಆಳವಿಲ್ಲದೆ ಅಗಲವಾಗಿರುವುದು, ಅದರ ತುಟಿಯನ್ನು ಕುಂಬಾರ ಹಸಿಯಿದ್ದಾಗಲೇ ಚಿವುಟಿ ಮೂತಿ ಮಾಡುವುದು ಈ ಕಾರಣಕ್ಕೆ. ಬತ್ತಿ ಮೂತಿಗೆ ಒರಗಿ ಮಲಗುತ್ತದೆ, ಎಣ್ಣೆ ಇಳಿದರೂ ಬತ್ತಿಯ ಬಹುಭಾಗ ಎಣ್ಣೆಯಲ್ಲೇ ಇರುತ್ತದೆ. ಲೋಹವಾದರೆ ಜ್ವಾಲೆಯ ಬಿಸಿ ಬಟ್ಟಲಿಗೆ ಹರಡಿ ಎಣ್ಣೆ ತೆಳುವಾಗುತ್ತದೆ. ಮಾಗಿಯ ಚಳಿಯಲ್ಲಿ ಹೆರೆಗಟ್ಟಿದ ತುಪ್ಪವನ್ನು ಹಿತ್ತಾಳೆ ದೀಪ ತಾನೇ ಕರಗಿಸಿಕೊಳ್ಳುತ್ತದೆ. ಮಣ್ಣಿಗೆ ಆ ಗುಣ ಕಡಿಮೆ. ಹೊಸ ಹಣತೆಯನ್ನು ನೀರಲ್ಲಿ ನೆನೆಸಿಡದಿದ್ದರೆ ಅದು ಎಣ್ಣೆಯನ್ನೇ ಕುಡಿದುಬಿಡುತ್ತದೆ ಎಂಬುದು ಗಾಂಧಿಬಜಾರಿನ ಯಾವ ಅಜ್ಜಿಗೂ ಗೊತ್ತು. ಇನ್ನೊಂದು ತೊಂದರೆ ಜಿನುಗು. ಬತ್ತಿಯ ಜಾಡು ಹಿಡಿದು ಎಣ್ಣೆ ಮೂತಿಯ ಹೊರಗೂ ಹರಿಯುತ್ತದೆ. ಕೇರಳದ ದೀಪದ ಪಾದ ತಟ್ಟೆಯ ಹಾಗೆ ಅಗಲವಾಗಿರುವುದು, ನಮ್ಮ ಮನೆಗಳಲ್ಲಿ ದೀಪದ ಕೆಳಗೆ ಸಣ್ಣ ತಟ್ಟೆ ಇಡುವುದು ಅದನ್ನು ಹಿಡಿಯಲಿಕ್ಕೆ.

ಈ ಕಣ್ಣಿನಿಂದ ಈಗಿನ ಮಳಿಗೆಯ ದೀಪಗಳನ್ನು ನೋಡಿ. ಕಮಲದ ಮೊಗ್ಗಿನಂತೆ ಆಳವಾದ ಬಟ್ಟಲು: ಎಣ್ಣೆ ಅರ್ಧಕ್ಕಿಳಿಯುವ ಮುಂಚೆಯೇ ಜ್ವಾಲೆ ಸೋಲುತ್ತದೆ. ಮೂತಿ ಇದೆ, ಆದರೆ ಗೀರಿದ ಗುರುತಷ್ಟೇ. ಬತ್ತಿ ನಿಲ್ಲದೆ ಒಳಕ್ಕೆ ಜಾರುತ್ತದೆ. ಜಿನುಗು ಹಿಡಿಯಲು ಏನೂ ಇಲ್ಲ, ಗ್ರಾನೈಟ್ ಕಟ್ಟೆಯ ಮೇಲೆ ಕಲೆ. ಹೊಳಪು ಹೋಗದಿರಲೆಂದು ಬಳಿದ ಲೇಪ ಮೊದಲ ಹಬ್ಬದ ಶಾಖಕ್ಕೆ ಕಂದುಗಟ್ಟುತ್ತದೆ. ಆಮೇಲೆ ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದರೂ ಬಾರದು, ಏಕೆಂದರೆ ಹುಣಸೆಯ ಹುಳಿ ಲೋಹದ ಕಿಲುಬನ್ನು ಕರಗಿಸುತ್ತದೆಯೇ ಹೊರತು ಸುಟ್ಟ ಲೇಪವನ್ನಲ್ಲ. ತೂಗುದೀಪದ ಕತೆ ಇನ್ನೂ ಸ್ವಾರಸ್ಯದ್ದು. ಹಳೆಯ ತೂಗುದೀಪಗಳಲ್ಲಿ ಸರಪಳಿಯ ನಡುವಿನ ಹಕ್ಕಿಯೋ ಆನೆಯೋ ಬರೀ ಚೆಲುವಿಗೆ ಇದ್ದದ್ದಲ್ಲ. ಅದರ ಹೊಟ್ಟೆ ಎಣ್ಣೆಯ ಕಣಜ. ಬಟ್ಟಲಿನ ಮಟ್ಟ ಇಳಿದಾಗ ಗಾಳಿ ಒಳನುಗ್ಗಿ ಅಷ್ಟೇ ಎಣ್ಣೆ ಕೆಳಗಿಳಿಯುತ್ತಿತ್ತು, ಮಟ್ಟ ಏರಿದೊಡನೆ ನಿಲ್ಲುತ್ತಿತ್ತು. ರಾತ್ರಿಯಿಡೀ ಉರಿಯಬೇಕಾದ ದೀಪಕ್ಕೆ ಎರಕದವನು ಕಂಡುಕೊಂಡ ಉಪಾಯ ಅದು. ಇವತ್ತು ಅಂಗಡಿಯಲ್ಲಿ ನೇತಾಡುವ ಹಲವು ಗಿಳಿಗಳಿಗೆ ಹೊಟ್ಟೆಯೇ ಇಲ್ಲ.

ಕೆಟ್ಟ ದೀಪ ಬರಲು ಮಾರಾಟದ ರೀತಿಯೂ ಕಾರಣ. ಪೇಟೆಯ ಹಳೆಯ ಅಂಗಡಿಯವನು ದೀಪವನ್ನು ತಕ್ಕಡಿಗಿಟ್ಟು ಕಿಲೋ ಲೆಕ್ಕದಲ್ಲಿ ಕೊಡುತ್ತಾನೆ. ಹಳೆಯ ಹಿತ್ತಾಳೆ ತಂದರೆ ತೂಕ ಹಿಡಿದು ಮುರಿದುಕೊಳ್ಳುತ್ತಾನೆ. ಮದುವೆಯಲ್ಲಿ ತವರಿನವರು ಕೊಡುವ ಜೋಡಿ ದೀಪದ ಕಂಬ ಹಾಗಾಗಿ ಹೆಂಗಸಿನ ಕೈಯಲ್ಲಿ ಒಂದಿಷ್ಟು ಆಸ್ತಿಯೂ ಆಗಿತ್ತು. ತೂಕಕ್ಕೆ ಮಾರುವಲ್ಲಿ ತೆಳ್ಳಗೆ ಎರೆದರೆ ಯಾರಿಗೂ ಲಾಭವಿಲ್ಲ. ಬಿಡಿ ಲೆಕ್ಕದಲ್ಲಿ ಮಾರುವಲ್ಲಿ ಲಾಭವೆಲ್ಲ ತೆಳುವಿನಲ್ಲೇ ಇದೆ. ನಾಚ್ಚಿಯಾರ್‌ಕೋವಿಲಿನ ಕಂಬ ಪಾದ, ಕಾಂಡ, ಬಟ್ಟಲು, ಶಿಖರ ಎಂದು ನಾಲ್ಕು ಭಾಗವಾಗಿ ತಿರುಪಿನಲ್ಲಿ ಕೂಡುತ್ತದೆ. ಬಿಚ್ಚಿ ತೊಳೆದು ಮತ್ತೆ ಜೋಡಿಸಬಹುದು, ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು. ಈ ತಿರುಪು ಗಟ್ಟಿಯಾಗಿ ಕೂರುವುದಕ್ಕೆ ಲೋಹ ದಪ್ಪವಿರಬೇಕು. ಅಗ್ಗದ ನಕಲಿನಲ್ಲಿ ಎರಡು ತೊಳೆತಕ್ಕೆ ಶಿಖರ ಸಡಿಲವಾಗಿ ಹಂಸ ಒಂದು ಕಡೆಗೆ ಕತ್ತು ವಾಲಿಸಿ ನಿಲ್ಲುತ್ತದೆ.

ತೊಳೆಯುವ ಮಾತು ಬಂತು. ಪರಂಪರೆಯನ್ನು ಹೊಗಳುವ ಬರಹಗಳಲ್ಲಿ ಇದು ಬರುವುದೇ ಇಲ್ಲ. ಮಂಗಳವಾರ, ಶುಕ್ರವಾರ ದೀಪ ತೊಳೆಯಬಾರದು ಎಂಬ ಕಟ್ಟಳೆಯಿಂದ ಸೋಮವಾರ, ಗುರುವಾರ ಹುಣಸೆಹಣ್ಣು, ಸಬೀನ ಹಿಡಿದು ಕೂರುತ್ತಿದ್ದವರು ಮನೆಯ ಹೆಂಗಸರು. ಬಿಡುವಿನ ಮಧ್ಯಾಹ್ನ ತೊಡೆಯ ಮೇಲೆ ಬತ್ತಿ ಹೊಸೆದವರೂ ಅವರೇ. ಎಣ್ಣೆಗೆ ಉದ್ದ ಬತ್ತಿ, ತುಪ್ಪದ ಆರತಿಗೆ ಹೂಬತ್ತಿ, ಕಾರ್ತಿಕಕ್ಕೆಂದು ವರ್ಷವಿಡೀ ಕೂಡಿಟ್ಟ ಲಕ್ಷಬತ್ತಿ. ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನವೊಂದಕ್ಕೆ ಹೆಸರಾದ ‘ದೀಪದ ಮಲ್ಲಿ’ಯನ್ನು, ಕೈಯಲ್ಲಿ ದೀಪ ಹಿಡಿದು ನಿಂತೇ ಇರುವ ಆ ಲೋಹದ ಹೆಣ್ಣನ್ನು, ನಾವು ಎಷ್ಟು ಮೆಚ್ಚುತ್ತೇವೆ. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಾಳೆ ಎಂದು ಕೇಳುವುದಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ದಿನದ ದೀಪ ಸ್ಟೀಲಿಗೋ ಬೆಳ್ಳಿಗೋ ಇಳಿದು, ಬತ್ತಿ ಪೊಟ್ಟಣದಲ್ಲಿ ಬಂದರೆ ಅದನ್ನು ಅವನತಿ ಎನ್ನಲು ನನಗೆ ಬಾಯಿ ಬಾರದು.

ಇಲ್ಲಿಯೇ ಇನ್ನೊಂದು ಗೊಣಗಾಟವನ್ನೂ ಮುಗಿಸಿಬಿಡುತ್ತೇನೆ. ತುಪ್ಪದ ದೀಪ ಆಮ್ಲಜನಕ ಕೊಡುತ್ತದೆ, ಮನೆಯ ಗಾಳಿ ಶುದ್ಧ ಮಾಡುತ್ತದೆ ಎಂಬ ‘ವಿಜ್ಞಾನ’ ಈಗ ಎಣ್ಣೆಯ ಬಾಟಲಿಗಳ ಜಾಹೀರಾತಿನಿಂದ ಹಿಡಿದು ಪ್ರವಚನದವರೆಗೂ ಹಬ್ಬಿದೆ. ಉರಿಯುವ ಯಾವ ಜ್ವಾಲೆಯೂ ಆಮ್ಲಜನಕ ತಿನ್ನುತ್ತದೆ, ಮಸಿ ಬಿಡುತ್ತದೆ. ಹಳೆಯ ಮನೆಗಳ ಗೋಡೆಗೂಡಿನ ಕರಿ ನೆತ್ತಿಯೇ ಸಾಕ್ಷಿ. ಭಕ್ತಿಗೆ ಇಂಥ ಊರುಗೋಲು ಬೇಕಿಲ್ಲ. ಆ ಮಸಿಗೆ ಜಾಗ ಮಾಡಿಕೊಟ್ಟ ಮನೆ ಹೋದದ್ದೇ ನಿಜವಾದ ಬದಲಾವಣೆ. ಕಿಟಕಿಯ ಮೇಲೆ ಚೂಪಾದ ಮಂಕಿ ಟಾಪಿನ ಮಾಡು, ತಲೆಬಾಗಿಲ ಎರಡೂ ಪಕ್ಕದ ಗೂಡು, ಹಿತ್ತಿಲ ತುಳಸಿಕಟ್ಟೆಯ ಗೂಡು, ಎತ್ತರದ ಚಾವಣಿ ಇದ್ದ ಮನೆ ಅಪಾರ್ಟ್‌ಮೆಂಟ್ ಆದಾಗ ದೀಪ ಪ್ಲೈವುಡ್ಡಿನ ಮಂಟಪದೊಳಗೆ ಸಿಕ್ಕಿಕೊಂಡಿತು. ಅಲ್ಲಿ ನಿಜವಾದ ಜ್ವಾಲೆ ಅಪಾಯವೇ. ಬ್ಯಾಟರಿಯ ದೀಪ ಕೊಂಡವರನ್ನು ಬೈಯುವ ಮುನ್ನ ಆ ಮಂಟಪದ ಅಳತೆ ನೋಡಬೇಕು.

ಸಭೆಯ ದೀಪಕ್ಕೆ ಆ ಕಷ್ಟವೂ ಇಲ್ಲ, ಆದರೂ ಅದು ನಗೆಪಾಟಲು. ವೇದಿಕೆಯ ಎಡಕ್ಕೆ ಆಳೆತ್ತರದ ಕಂಬ, ಅದಕ್ಕೆ ಸೇವಂತಿಗೆಯ ಹಾರ, ಮೇಲೆ ತಿರುಗುವ ಫ್ಯಾನು, ಮುಖ್ಯ ಅತಿಥಿಯ ಕೈಯಲ್ಲಿ ಮೇಣದ ಬತ್ತಿ. ಫೋಟೋ ಆಗುವವರೆಗೆ ಐದು ಬತ್ತಿಗಳಲ್ಲಿ ಮೂರು ಉರಿದರೆ ಪುಣ್ಯ. ಕೇರಳದ ಪಾಯಸದ ಉರುಳಿ ಈಗ ನೀರು, ಗುಲಾಬಿ ಪಕಳೆ, ಮೇಣದ ದೀಪ ತುಂಬಿಕೊಂಡು ಹೋಟೆಲಿನ ಬಾಗಿಲಿನಿಂದ ಮನೆಯ ಬಾಗಿಲಿಗೆ ಬಂದಿದೆ. ನನಗೆ ಅದರ ಮೇಲೆ ಕೋಪವಿಲ್ಲ. ಅದು ದೀಪವೆಂದು ಹೇಳಿಕೊಳ್ಳುವುದಿಲ್ಲ.

ಹಾಗಾದರೆ ಗಟ್ಟಿಯಾಗಿ ಉಳಿದದ್ದು ಯಾವುದು? ಅಂಗಡಿಯವನು ಮಾರಲಾಗದ ದೀಪ. ಆಷಾಢದ ಅಮಾವಾಸ್ಯೆ, ನಮ್ಮ ಭೀಮನ ಅಮಾವಾಸ್ಯೆಯ ದಿನ, ಜೋಡಿ ದೀಪದ ಕಂಬಗಳನ್ನೇ ಶಿವಪಾರ್ವತಿಯರೆಂದು ಕೂರಿಸಿ ಪೂಜಿಸುತ್ತಾರೆ. ಉಳಿದ ದಿನ ದೇವರಿಗೆ ಬೆಳಕು ಹಿಡಿಯುವ ವಸ್ತು ಅವತ್ತು ತಾನೇ ದೇವರು. ಹೊಸ್ತಿಲ ಮೇಲೆ ಭಂಡಾರ, ಅಂದರೆ ಕಾಸು ಅಡಗಿಸಿದ ಹಿಟ್ಟಿನ ಉಂಡೆ, ಒಡೆಯಲು ಅಣ್ಣತಮ್ಮಂದಿರು ಬೇಕು, ಗಂಡನ ಪಾದಪೂಜೆಯೂ ಉಂಟು. ಆ ವ್ರತದ ಗಂಡುಹೆಣ್ಣಿನ ಲೆಕ್ಕಾಚಾರದ ಬಗ್ಗೆ ಜಗಳವಾಡಬಹುದು, ಆಡಬೇಕು ಕೂಡ. ಆದರೆ ದೀಪದ ವಿಷಯದಲ್ಲಿ ಅದರಷ್ಟು ದಿಟ್ಟ ಕಲ್ಪನೆ ಇನ್ನೊಂದಿಲ್ಲ. ಉತ್ಥಾನ ದ್ವಾದಶಿಗೆ ತುಳಸಿಯ ಪಕ್ಕ ನೆಲ್ಲಿಯ ಕೊಂಬೆ ನೆಟ್ಟು, ಬೆಟ್ಟದ ನೆಲ್ಲಿಕಾಯಿಯ ನೆತ್ತಿ ಕೊರೆದು, ತುಪ್ಪದ ಬತ್ತಿ ಇಡುತ್ತಾರೆ. ಆ ವಾರ ಗಾಂಧಿಬಜಾರಿನಲ್ಲೂ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೂ ನೆಲ್ಲಿಕೊಂಬೆ ರಾಶಿ ಬೀಳುತ್ತದೆ. ಅರ್ಧ ಗಂಟೆ ಉರಿಯುವ ಆ ಕಾಯಿಗೆ ಲೇಪ ಬಳಿಯಲಾಗದು, ಮುಂದಿನ ವರ್ಷಕ್ಕೆ ಎತ್ತಿಡಲೂ ಆಗದು.

ತಂಬಿಟ್ಟಿನ ಆರತಿ ಇದಕ್ಕಿಂತ ದೊಡ್ಡದು. ಮೇಲುಜಾತಿಯ ದೇವರಮನೆಯಿಂದಾಚೆ ನೋಡದ ದೀಪದ ಬರಹಗಳು ಅದನ್ನು ಮರೆಯುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಅಕ್ಕಿಹಿಟ್ಟು, ಬೆಲ್ಲ ಕಲಸಿ ನಡುವೆ ಗುಳಿ ಮಾಡಿದ ದೀಪ, ಸುತ್ತ ಹೂವಿನ ಅಲಂಕಾರ, ತಟ್ಟೆಯನ್ನು ತಲೆಯ ಮೇಲೆ ಹೊತ್ತ ಹೆಂಗಸರ ಸಾಲು, ಮುಂದೆ ತಮಟೆ. ಅಣ್ಣಮ್ಮನೋ ಮಾರಮ್ಮನೋ ಬೀದಿಗೆ ಬಂದ ದಿನ ಈ ಬಡಾವಣೆಗಳ ಹಿಂದಿನ ಗಲ್ಲಿಗಳಲ್ಲಿ ಇದು ಕಾಣುತ್ತದೆ. ಪೂಜೆ ಮುಗಿದಮೇಲೆ ಆ ದೀಪವನ್ನು ಮುರಿದು ಹಂಚಿ ತಿನ್ನುತ್ತಾರೆ. ರೂಪ, ಬಳಕೆ, ಸಮುದಾಯ ಮೂರನ್ನೂ ಒಟ್ಟಿಗೆ ಹಿಡಿದಿರುವ ದೀಪ ಈ ಊರಿನಲ್ಲಿ ಇದ್ದರೆ ಅದು ಇದೇ. ಇದನ್ನು ಎರೆಯಲು ಕುಂಭಕೋಣವೂ ಬೇಡ, ಮುರಾದಾಬಾದೂ ಬೇಡ.

ಈ ಸಾಲಿನಲ್ಲಿ ಹೊಸದಾಗಿ ಬೆಳೆದದ್ದೂ ಇದೆ. ಕನಕಪುರ ರಸ್ತೆಯ ಬನಶಂಕರಿಯಲ್ಲಿ ರಾಹುಕಾಲಕ್ಕೆ ಹಚ್ಚುವ ನಿಂಬೆಹಣ್ಣಿನ ದೀಪ ಇದಕ್ಕೆ ದೊಡ್ಡ ನಿದರ್ಶನ. ಹೋಳಿನ ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಾಡಿದರೆ ಬಟ್ಟಲು ಸಿದ್ಧ. ಮಡಿವಂತರು ಇದನ್ನು ಶಾಸ್ತ್ರದಲ್ಲಿಲ್ಲದ್ದು ಎಂದು ಮೂಗು ಮುರಿಯುತ್ತಾರೆ. ಹೌದಿರಬಹುದು. ಆದರೆ ಆಳವಿಲ್ಲದ ಬಟ್ಟಲು, ಎಣ್ಣೆಗೆ ಹತ್ತಿರದ ಜ್ವಾಲೆ ಎಂಬ ಹಣತೆಯ ಮೂಲ ಲಕ್ಷಣ ಅದರಲ್ಲಿದೆ. ದುಬಾರಿಯ ಕಮಲದ ಮೊಗ್ಗಿನಲ್ಲಿ ಇಲ್ಲ.

ಗೂಡುದೀಪವನ್ನೂ ನೋಡಿ. ಕಾರ್ತಿಕದಲ್ಲಿ ಮಾಡಿಗೆ ಬಿದಿರು, ಬಣ್ಣದ ಕಾಗದದ ಗೂಡು ಕಟ್ಟಿ ತೂಗುವುದನ್ನು ಕರಾವಳಿಯವರೂ ಉತ್ತರ ಕರ್ನಾಟಕದವರೂ ಈ ಊರಿಗೆ ಹೊತ್ತು ತಂದರು. ಅದರೊಳಗೆ ಹಣತೆಯ ಜಾಗದಲ್ಲಿ ಕರೆಂಟಿನ ಬಲ್ಬು ಕೂತು ಎಷ್ಟೋ ಕಾಲವಾಯಿತು. ಯಾರೂ ಆಕ್ಷೇಪ ಎತ್ತಿದ್ದನ್ನು ನಾನು ಕೇಳಿಲ್ಲ. ಗಾಳಿಗೆ ಆರದೆ ರಾತ್ರಿಯೆಲ್ಲ ಮೇಲೆ ಉರಿಯಬೇಕು ಎಂಬುದು ಆ ದೀಪದ ಕೆಲಸ, ಬಲ್ಬು ಅದನ್ನು ಹಣತೆಗಿಂತ ಚೆನ್ನಾಗಿ ಮಾಡುತ್ತದೆ. ಎಲ್‌ಇಡಿ ಸಾಲಿನ ಮೇಲೂ ಈ ಅಳತೆಯನ್ನೇ ಇಡುತ್ತೇನೆ. ಕಾಂಪೌಂಡಿನ ಉದ್ದಕ್ಕೆ ಹಾಕಿದರೆ ಸಂತೋಷ. ಎಣ್ಣೆ ಹೊಯ್ಯಲೆಂದು ಎರೆದ ಬಟ್ಟಲಿನಲ್ಲಿ ಪ್ಲಾಸ್ಟಿಕ್ ಜ್ವಾಲೆ ಅಂಟಿಸಿದ ಕಂಬವನ್ನು ಮಾತ್ರ ನಾನು ಕೊಳ್ಳುವುದಿಲ್ಲ. ಆ ಬೆಲೆಗೆ ನಗರ್ತಪೇಟೆಯಲ್ಲಿ ತೂಕದ ಒಂದು ಸಣ್ಣ ದೀಪ ಬರುತ್ತದೆ.